ಎಡ್ವರ್ಡ್ ಮೆಲನ್‌ಬಿ: ನಿಮ್ಮ ವಿಟಮಿನ್ ಡಿ ವರದಿಯ ಹಿಂದಿರುವ ವೈದ್ಯ

ನೀವು ಸಿಕಂದರಾಬಾದಿನಲ್ಲಿ ಇದ್ದೀರಿ ಎಂದುಕೊಳ್ಳೋಣ. ಮನೆಯವರೆಲ್ಲ ಸೇರಿ ಮಾಡಿಸಿದ ಆರೋಗ್ಯ ತಪಾಸಣೆಯ ವರದಿ ಮೊಬೈಲಿಗೆ ಬಂದಿದೆ. ಸಕ್ಕರೆ ಸರಿಯಿದೆ, ಥೈರಾಯ್ಡ್ ಸರಿಯಿದೆ. ಕೊನೆಯ ಪುಟದಲ್ಲಿ ಮಾತ್ರ ಒಂದು ಸಾಲು ದಪ್ಪ ಅಕ್ಷರದಲ್ಲಿದೆ: ವಿಟಮಿನ್ ಡಿ 17. ಪಕ್ಕದಲ್ಲಿ ಕೊರತೆ ಎಂಬ ಗುರುತು. ಏಪ್ರಿಲ್ ತಿಂಗಳಲ್ಲಿ ಡಾಂಬರು ಕರಗುವಷ್ಟು ಬಿಸಿಲಿರುವ ಊರಿನಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ ಕಡಿಮೆ ಎಂದರೆ ಯಾರಿಗೂ ಆಶ್ಚರ್ಯವೇ. ಅಷ್ಟರಲ್ಲಿ ಪಕ್ಕದ ಮನೆಯವರು ತಾವು ತೆಗೆದುಕೊಳ್ಳುವ ಪುಡಿ ಪೊಟ್ಟಣದ ಹೆಸರು ಹೇಳಿರುತ್ತಾರೆ, ಮೆಡಿಕಲ್ ಶಾಪಿನವರು ಎಂಟು ಪೊಟ್ಟಣ ಕೊಟ್ಟಿರುತ್ತಾರೆ.

ಪೊಟ್ಟಣ ಒಡೆಯುವ ಮೊದಲು ಒಬ್ಬ ಮನುಷ್ಯನ ಕಥೆ ತಿಳಿದುಕೊಳ್ಳಿ. ಸಿಕಂದರಾಬಾದಿನಲ್ಲಿ ವೈದ್ಯಕೀಯ ಇತಿಹಾಸ ಎಂದರೆ ಎಲ್ಲರೂ ಹೇಳುವುದು ರೊನಾಲ್ಡ್ ರಾಸ್ ಹೆಸರನ್ನು. 1897ರ ಆಗಸ್ಟಿನಲ್ಲಿ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು ಇಲ್ಲಿಯೇ. ಆಗ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವೆಸ್ಟ್ ಹಾರ್ಟಲ್‌ಪೂಲ್ ಎಂಬ ಹಡಗು ಕಟ್ಟುವ ಊರಿನಲ್ಲಿ ಹುಟ್ಟಿದ ಎಡ್ವರ್ಡ್ ಮೆಲನ್‌ಬಿ ಎಂಬ ಹುಡುಗನಿಗೆ ಹದಿಮೂರು ವರ್ಷ. ನಿಮ್ಮ ಕೈಯಲ್ಲಿರುವ ವರದಿಯ ಮೂಲ ಹುಡುಕುತ್ತ ಹೋದರೆ ಸಿಗುವವರು ರಾಸ್ ಅಲ್ಲ, ಈ ಹುಡುಗ.

ಮೆಲನ್‌ಬಿ ಹುಟ್ಟಿದ್ದು 1884ರ ಏಪ್ರಿಲ್ 8ರಂದು. ತಂದೆ ಹಡಗುಕಟ್ಟೆಯ ವ್ಯವಸ್ಥಾಪಕರು. ಆ ಕಾಲದ ಬ್ರಿಟನ್ನಿನ ಕೈಗಾರಿಕಾ ಊರುಗಳಲ್ಲಿ ಕಾಲು ಬಿಲ್ಲಿನಂತೆ ಬಾಗಿದ ಮಕ್ಕಳು, ಎದೆಗೂಡು ಮುಂದಕ್ಕೆ ಬಂದ ಮಕ್ಕಳು, ಎರಡು ವರ್ಷ ತುಂಬಿದರೂ ನಡೆಯಲಾರದ ಮಕ್ಕಳು ಬೀದಿಬೀದಿಗೂ ಇದ್ದರು. ರಿಕೆಟ್ಸ್ ಎಂಬ ಈ ಮೂಳೆ ರೋಗವನ್ನು ಯುರೋಪಿನ ಬೇರೆ ದೇಶದವರು ಇಂಗ್ಲಿಷ್ ರೋಗ ಎಂದೇ ಕರೆಯುತ್ತಿದ್ದರು. ಬಾಗಿದ ಕಾಲಿನ ಹುಡುಗಿಯರು ಬೆಳೆದು ದೊಡ್ಡವರಾದಾಗ ಸೊಂಟದ ಮೂಳೆ ಕಿರಿದಾಗಿ ಹೆರಿಗೆಯಲ್ಲಿ ಪ್ರಾಣಕ್ಕೆ ಕುತ್ತು ಬರುತ್ತಿತ್ತು. ಹೀಗಾಗಿ ಇದು ಬರೀ ಕಾಲು ಸೊಟ್ಟಗಾಗುವ ಮಾತಾಗಿರಲಿಲ್ಲ.

ಕೇಂಬ್ರಿಜ್‌ನ ಇಮ್ಯಾನುಯೆಲ್ ಕಾಲೇಜಿನಲ್ಲಿ ಓದುವಾಗ ಮೆಲನ್‌ಬಿಗೆ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಗುರುವಾಗಿ ಸಿಕ್ಕರು. ಹಿಟ್ಟು, ಕೊಬ್ಬು, ಪ್ರೋಟೀನು, ಲವಣ ಎಲ್ಲ ಸರಿಯಾಗಿ ಕೊಟ್ಟರೂ ಪ್ರಾಣಿಗಳು ಬೆಳೆಯುವುದಿಲ್ಲ, ಆಹಾರದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಇನ್ನೇನೋ ಬೇಕು ಎಂದು ತೋರಿಸಿದವರಲ್ಲಿ ಹಾಪ್ಕಿನ್ಸ್ ಒಬ್ಬರು. ಮುಂದೆ ಅದಕ್ಕಾಗಿಯೇ ಅವರಿಗೆ 1929ರಲ್ಲಿ ನೊಬೆಲ್ ಬಂತು. ಅವರ ಬಳಿ ಎರಡು ವರ್ಷ ಸಂಶೋಧನೆ ಮಾಡಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಮುಗಿಸಿ, ಮೆಲನ್‌ಬಿ 1913ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದಲ್ಲಿ ಪಾಠ ಹೇಳಲು ಸೇರಿದರು. ಮರುವರ್ಷ ಮೇ ಟ್ವೀಡಿ ಅವರನ್ನು ಮದುವೆಯಾದರು. ಆಕೆಯೂ ವಿಜ್ಞಾನಿ. ಆಹಾರಕ್ಕೂ ಹಲ್ಲಿನ ರಚನೆಗೂ ಇರುವ ನಂಟಿನ ಮೇಲೆ ಆಕೆ ಮಾಡಿದ ಕೆಲಸ ಗಂಡನ ನೆರಳಿನಲ್ಲಿ ಅರ್ಧ ಮುಚ್ಚಿಹೋಗಿದೆ. ಅದು ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ.

ಆಗ ತಾನೇ ಹುಟ್ಟಿದ್ದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಸಮಿತಿ ಮೆಲನ್‌ಬಿಗೆ ಒಂದು ಕೆಲಸ ಒಪ್ಪಿಸಿತು: ರಿಕೆಟ್ಸ್ ಯಾಕೆ ಬರುತ್ತದೆ ಎಂದು ಪತ್ತೆ ಹಚ್ಚುವುದು. ಪ್ರಶ್ನೆಗೆ ಆಗಲೇ ಹತ್ತು ಉತ್ತರಗಳಿದ್ದವು. ಗ್ಲಾಸ್ಗೋದ ವೈದ್ಯರು ಇಕ್ಕಟ್ಟಾದ ಮನೆ, ಓಡಾಟವಿಲ್ಲದಿರುವುದು ಕಾರಣ ಎನ್ನುತ್ತಿದ್ದರು. ಕೆಲವರು ಸೋಂಕು ಎಂದರು, ಕೆಲವರು ವಂಶದ ದೋಷ ಎಂದರು. ಜಪಾನಿನಲ್ಲಿ ಮಿಷನರಿ ವೈದ್ಯರಾಗಿದ್ದ ಥಿಯೋಬಾಲ್ಡ್ ಪಾಮ್ ಅವರು ಬೇರೆ ಬೇರೆ ದೇಶಗಳ ಮಿಷನರಿಗಳಿಂದ ಮಾಹಿತಿ ತರಿಸಿಕೊಂಡು, ಬಿಸಿಲು ಬೀಳುವ ಕಡೆ ಈ ರೋಗವಿಲ್ಲ ಎಂದು 1890ರಲ್ಲಿಯೇ ಬರೆದಿದ್ದರು. ಅದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೆಲನ್‌ಬಿ ಹಿಡಿದದ್ದು ಆಹಾರದ ದಾರಿ. ಅವರು ನಾಯಿಮರಿಗಳನ್ನು ತಂದು ಒಳಾಂಗಣದಲ್ಲಿ ಸಾಕಿದರು. ಎಲ್ಲಕ್ಕೂ ಬಡವರ ಮನೆಯ ಆಹಾರದಂಥದ್ದೇ ಊಟ: ಬ್ರೆಡ್ಡು ಅಥವಾ ಬೇರೆ ಧಾನ್ಯ, ಸ್ವಲ್ಪ ಹಾಲು. ಬದಲಾಯಿಸಿದ್ದು ಮುಖ್ಯವಾಗಿ ಜಿಡ್ಡನ್ನು. ಅಗಸೆ ಎಣ್ಣೆಯಂಥ ಸಸ್ಯದ ಎಣ್ಣೆ ತಿಂದ ಮರಿಗಳ ಕಾಲು ಕೆಲವೇ ತಿಂಗಳಲ್ಲಿ ಬಾಗಿದವು. ಬೆಣ್ಣೆ ತಿಂದವು ಎಷ್ಟೋ ಮೇಲಾಗಿದ್ದವು. ಕಾಡ್ ಮೀನಿನ ಯಕೃತ್ತಿನ ಎಣ್ಣೆ, ಅಂದರೆ ನಮ್ಮ ಹಿರಿಯರು ಮೂಗು ಹಿಡಿದು ಮಕ್ಕಳ ಬಾಯಿಗೆ ಹಾಕುತ್ತಿದ್ದ ಮೀನೆಣ್ಣೆ, ಕುಡಿದ ಮರಿಗಳ ಮೂಳೆ ನೆಟ್ಟಗೆ ಬೆಳೆದವು. ಕಾಲು ಬಾಗಿದ ಮರಿಗೆ ಆಮೇಲೆ ಕೊಟ್ಟರೂ ಮೂಳೆ ಗಟ್ಟಿಯಾಗತೊಡಗಿತು. 1919ರಲ್ಲಿ ಪ್ರಕಟವಾದ ಈ ಫಲಿತಾಂಶ ರಿಕೆಟ್ಸ್ ಒಂದು ಕೊರತೆಯ ರೋಗ, ಅದನ್ನು ಆಹಾರದಿಂದ ತಡೆಯಬಹುದು, ಗುಣಪಡಿಸಬಹುದು ಎಂದು ಮೊದಲ ಬಾರಿಗೆ ಪ್ರಯೋಗದಿಂದ ಸಾಧಿಸಿತು.

ಔಷಧಿ ಸರಿಯಾಗಿಯೇ ಸಿಕ್ಕಿತ್ತು. ಕಾರಣದ ವಿಷಯದಲ್ಲಿ ಮಾತ್ರ ಮೆಲನ್‌ಬಿ ಎರಡು ಕಡೆ ಎಡವಿದರು. ಆ ಎರಡೂ ನಿಮ್ಮ ವರದಿಗೆ ಸಂಬಂಧಿಸಿದ್ದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು, ಮೀನೆಣ್ಣೆಯಲ್ಲಿ ಕೆಲಸ ಮಾಡಿದ ವಸ್ತು ಆಗ ಗೊತ್ತಿದ್ದ ವಿಟಮಿನ್ ಎ ಅಥವಾ ಅದರ ಜೊತೆಗೇ ಇರುವಂಥದ್ದು ಎಂದು ಅವರು ಭಾವಿಸಿದರು. ಅಮೆರಿಕದ ಎಲ್ಮರ್ ಮೆಕಾಲಂ 1922ರಲ್ಲಿ ಮೀನೆಣ್ಣೆಯನ್ನು ಕಾಯಿಸಿ ಅದರೊಳಗೆ ಗಾಳಿ ಹಾಯಿಸಿ ನೋಡಿದರು. ಕಣ್ಣಿನ ರೋಗವನ್ನು ಗುಣಪಡಿಸುವ ಗುಣ ಹೋಯಿತು, ಮೂಳೆಯನ್ನು ಗಟ್ಟಿಮಾಡುವ ಗುಣ ಉಳಿಯಿತು. ಹಾಗಾದರೆ ಇವು ಎರಡು ಬೇರೆ ವಸ್ತುಗಳು. ಎ, ಬಿ, ಸಿ ಆಗಲೇ ಬಳಕೆಯಲ್ಲಿದ್ದವು, ಇದಕ್ಕೆ ಡಿ ಎಂಬ ಅಕ್ಷರ ಸಿಕ್ಕಿತು.

ಎರಡನೆಯದು ಇನ್ನೂ ದೊಡ್ಡದು. ಮೆಲನ್‌ಬಿ ಮರಿಗಳನ್ನು ಒಳಗೆ ಸಾಕಿದ್ದರು, ಬಿಸಿಲಿಗೆ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಪ್ರಯೋಗವೇ ಕೆಟ್ಟುಹೋಗುತ್ತಿತ್ತು, ಮರಿಗಳ ಚರ್ಮವೇ ಆ ವಿಟಮಿನ್ನನ್ನು ತಯಾರಿಸಿಕೊಂಡುಬಿಡುತ್ತಿತ್ತು. ಅವರು ಪ್ರಯೋಗದಿಂದ ಹೊರಗಿಟ್ಟ ಸಂಗತಿಯೇ ರೋಗದ ಅರ್ಧ ಕಾರಣವಾಗಿತ್ತು. ಅದೇ 1919ರಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಇದ್ದ ಮಕ್ಕಳನ್ನು ಅತಿನೇರಳೆ ಕಿರಣ ಸೂಸುವ ದೀಪದ ಕೆಳಗಿಟ್ಟು ಗುಣಪಡಿಸಿದರು. ಯುದ್ಧದಿಂದ ಕಂಗೆಟ್ಟ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಮೀನೆಣ್ಣೆ ಮತ್ತು ಬಿಸಿಲು ಎರಡೂ ಒಂದೇ ಫಲ ಕೊಡುತ್ತವೆ ಎಂದು ತೋರಿಸಿದರು. ಚರ್ಮದಲ್ಲಿರುವ ಕೊಲೆಸ್ಟರಾಲಿಗೆ ಹತ್ತಿರದ ಒಂದು ವಸ್ತುವಿನ ಮೇಲೆ ಬಿಸಿಲಿನ ಯುವಿ-ಬಿ ಕಿರಣ ಬಿದ್ದಾಗ ವಿಟಮಿನ್ ಡಿ ಆಗುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು.

ಈಗ ಹಾರ್ಟಲ್‌ಪೂಲನ್ನೂ ಸಿಕಂದರಾಬಾದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹಾರ್ಟಲ್‌ಪೂಲ್ ಸುಮಾರು 54.7 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನವೂ ಸೂರ್ಯ ಅಲ್ಲಿ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲೇರುತ್ತಾನೆ. ನಿಂತವನ ನೆರಳು ಅವನ ಎತ್ತರದ ನಾಲ್ಕೂವರೆ ಪಟ್ಟಿಗಿಂತ ಉದ್ದ. ಅಷ್ಟು ಓರೆಯಾಗಿ ಬರುವ ಬಿಸಿಲಿನಲ್ಲಿ ಯುವಿ-ಬಿ ವಾತಾವರಣದಲ್ಲೇ ಸೋರಿಹೋಗುತ್ತದೆ. ಸಿಕಂದರಾಬಾದ್ ಸುಮಾರು 17.4 ಡಿಗ್ರಿಯಲ್ಲಿದೆ. ಇಲ್ಲಿ ಅದೇ ಡಿಸೆಂಬರ್ ಮಧ್ಯಾಹ್ನ ಸೂರ್ಯ 49 ಡಿಗ್ರಿ ಮೇಲಿರುತ್ತಾನೆ, ನಿಮ್ಮ ನೆರಳು ನಿಮಗಿಂತ ಗಿಡ್ಡ. ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಚರ್ಮ ಈ ಕೆಲಸ ಚೆನ್ನಾಗಿ ಮಾಡುತ್ತದೆ. ಅಂದರೆ ಇಲ್ಲಿ ವರ್ಷದ ಯಾವ ತಿಂಗಳಲ್ಲೂ ಆಕಾಶದ ಕಡೆಯಿಂದ ಕೊರತೆ ಇಲ್ಲ.

ಕೊರತೆ ಇರುವುದು ನಮ್ಮ ದಿನಚರಿಯಲ್ಲಿ. ಎಳೆ ಬಿಸಿಲು ಒಳ್ಳೆಯದು ಎಂದು ಬೆಳಿಗ್ಗೆ ಏಳು ಗಂಟೆಗೆ ಟೆರೇಸಿನಲ್ಲಿ ಕೂರುವವರು ಬಹಳ. ಆಗ ನೆರಳು ಉದ್ದವಾಗಿರುತ್ತದೆ, ಯುವಿ-ಬಿ ಹೆಚ್ಚೇನೂ ಇರುವುದಿಲ್ಲ. ಆಫೀಸಿನ ಕಿಟಕಿಯ ಗಾಜಿನ ಹಿಂದೆ ಕೂತರೆ ಬಿಸಿಲಿನ ಸೆಕೆ ತಟ್ಟುತ್ತದೆ, ಯುವಿ-ಬಿ ಮಾತ್ರ ಒಳಗೆ ಬರುವುದಿಲ್ಲ. ಮೈತುಂಬ ಬಟ್ಟೆ, ಹೊಗೆ ತುಂಬಿದ ಗಾಳಿ, ಅಪಾರ್ಟ್‌ಮೆಂಟಿನಿಂದ ಲಿಫ್ಟು, ಲಿಫ್ಟಿನಿಂದ ಕಾರು. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಅದೇ ಪ್ರಮಾಣ ತಯಾರಾಗಲು ಹೆಚ್ಚು ಹೊತ್ತು ಬೇಕು. ವಯಸ್ಸಾದಂತೆ ಚರ್ಮದ ಈ ಶಕ್ತಿಯೂ ಇಳಿಯುತ್ತದೆ. ಒಂದು ಶತಮಾನದ ಹಿಂದೆ ಭಾರತದಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ ವೈದ್ಯರಿಗೂ ಇದೇ ಕಂಡಿತ್ತು: ಪರದೆಯ ಹಿಂದೆ ಬದುಕುವ ಹೆಂಗಸರಲ್ಲಿ ಮೂಳೆ ಮೆದುವಾಗುವ ರೋಗ ಹೆಚ್ಚು. ಮೆಲನ್‌ಬಿಯ ನಾಯಿಮರಿಗಳ ಹಾಗೆ ನಮ್ಮಲ್ಲಿ ಬಹಳ ಜನ ಒಳಾಂಗಣದ ಪ್ರಾಣಿಗಳಾಗಿದ್ದೇವೆ.

ಮೆಲನ್‌ಬಿಯ ಪ್ರಯೋಗದಲ್ಲಿ ಇನ್ನೊಂದು ಎಳೆ ಇತ್ತು. ಧಾನ್ಯಗಳಲ್ಲಿ ಓಟ್ಸ್ ತಿಂದ ಮರಿಗಳಿಗೆ ರೋಗ ಎಲ್ಲಕ್ಕಿಂತ ಜೋರಾಗಿ ಬರುತ್ತಿತ್ತು. ಬಿಳಿ ಹಿಟ್ಟಿಗಿಂತ ಪೌಷ್ಟಿಕವಾದ ಧಾನ್ಯ ಮೂಳೆಯನ್ನು ಹೆಚ್ಚು ಹಾಳು ಮಾಡುವುದು ವಿಚಿತ್ರ. ಧಾನ್ಯದಲ್ಲಿ ಕ್ಯಾಲ್ಸಿಯಂ ವಿರುದ್ಧ ಕೆಲಸ ಮಾಡುವ ಏನೋ ಇದೆ ಎಂದು ಅವರು ಹಟ ಹಿಡಿದರು, ಹಲವರು ನಂಬಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, 1939ರಲ್ಲಿ, ಹ್ಯಾರಿಸನ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಅದು ಫೈಟಿಕ್ ಆಮ್ಲ ಎಂದು ತೋರಿಸಿದರು. ಧಾನ್ಯದ ಹೊರಪದರದಲ್ಲಿರುವ ಈ ವಸ್ತು ಕರುಳಿನಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹೊಟ್ಟು ಹೆಚ್ಚಿರುವ ಹಿಟ್ಟನ್ನು ಜನರಿಗೆ ಕೊಡಬೇಕಾಗಿ ಬಂದಾಗ ಅದಕ್ಕೆ ಸೀಮೆಸುಣ್ಣದ ರೂಪದ ಕ್ಯಾಲ್ಸಿಯಂ ಬೆರೆಸಿದ್ದು ಈ ಕಾರಣಕ್ಕೆ.

ಬೀದರ್, ಕಲಬುರಗಿ ಕಡೆಯಿಂದ ಬಂದು ಸಿಕಂದರಾಬಾದಿನಲ್ಲಿ ನೆಲೆಸಿದ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಇರುತ್ತದೆ, ಹಳೇ ಮೈಸೂರಿನವರ ಮನೆಯಲ್ಲಿ ರಾಗಿ ಮುದ್ದೆ. ಎರಡರಲ್ಲೂ ಫೈಟೇಟ್ ಇದೆ. ಹಾಗೆಂದು ಬಿಡಬೇಕಾಗಿಲ್ಲ, ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಫೈಟೇಟನ್ನು ಕಡಿಮೆ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿಯ ಸರಿ, ಹುಳಿ ಬಂದ ಅಂಬಲಿ ಮಾಡುತ್ತಿದ್ದ ಅಜ್ಜಿಯರಿಗೆ ಹ್ಯಾರಿಸನ್ ಹೆಸರು ಗೊತ್ತಿರಲಿಲ್ಲ ಅಷ್ಟೆ. ಇಲ್ಲಿ ಗಮನಿಸಬೇಕಾದ್ದು ಬೇರೆ: ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಾದರೆ ದೇಹ ತನ್ನ ವಿಟಮಿನ್ ಡಿ ದಾಸ್ತಾನನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಹಾಲು, ಮೊಸರು ಅಪರೂಪವಾದ ಮನೆಯಲ್ಲಿ ವರದಿಯ ಸಂಖ್ಯೆ ಕೆಳಗಿರಲು ಬಿಸಿಲೊಂದೇ ಕಾರಣವಲ್ಲ. ಪೊಟ್ಟಣ ನುಂಗಿ ಸಂಖ್ಯೆ ಏರಿಸಿದರೂ ಮೂಳೆಗೆ ಹಾಕಲು ಕ್ಯಾಲ್ಸಿಯಮ್ಮೇ ಇಲ್ಲದಿದ್ದರೆ ನೋವು ಹೋಗುವುದಿಲ್ಲ.

ಊಟದಲ್ಲಿ ಏನು ಎಷ್ಟು ಬೇಕು ಎಂದು ನಮ್ಮ ದೇಶಕ್ಕೆ ಲೆಕ್ಕ ಹಾಕಿಕೊಡುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ನಿಮ್ಮ ಹತ್ತಿರದ ತಾರ್ನಾಕದಲ್ಲಿ. ಮೆಲನ್‌ಬಿ ನಾಯಿಮರಿಗಳ ಮೇಲೆ ಕೆಲಸ ಮಾಡುತ್ತಿದ್ದ ಅದೇ ದಿನಗಳಲ್ಲಿ, 1918ರಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಅದನ್ನು ಶುರು ಮಾಡಿದರು. 1958ರಲ್ಲಿ ಅದು ಹೈದರಾಬಾದಿಗೆ ಬಂತು. ಬಿಸಿಲು ಸಾಕಷ್ಟು ಸಿಗದ ವಯಸ್ಕರಿಗೆ ದಿನಕ್ಕೆ 600 ಐಯು ವಿಟಮಿನ್ ಡಿ, 1000 ಮಿಲಿಗ್ರಾಂ ಕ್ಯಾಲ್ಸಿಯಂ ಎಂಬುದು ಅಲ್ಲಿಂದ 2020ರಲ್ಲಿ ಬಂದ ಶಿಫಾರಸು. ಇದೇ ಸಂಸ್ಥೆಯ ಸಂಶೋಧಕರು 1970ರ ದಶಕದಲ್ಲಿ ಆಂಧ್ರದ ಹಳ್ಳಿಗಳಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಎಳೆಯರನ್ನು ಪರೀಕ್ಷಿಸಿ, ಅದರ ಬೇರು ಕುಡಿಯುವ ನೀರಿನ ಫ್ಲೋರೈಡಿನಲ್ಲಿದೆ ಎಂದು ವರದಿ ಮಾಡಿದ್ದರು. ಬಾಗಿದ ಕಾಲೆಲ್ಲ ವಿಟಮಿನ್ ಡಿ ಕೊರತೆಯಲ್ಲ.

ಮೆಲನ್‌ಬಿ 1920ರಲ್ಲಿ ಶೆಫೀಲ್ಡಿನಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಅವರ ಉತ್ಸಾಹ ಒಮ್ಮೆ ಹಳಿ ತಪ್ಪಿತು. ವಿಟಮಿನ್ ಎ ಸೋಂಕಿನ ವಿರುದ್ಧ ಹೋರಾಡುತ್ತದೆ ಎಂದು ನಂಬಿ ಬಾಣಂತಿ ಜ್ವರ ತಡೆಯಲು ಅದನ್ನು ಪ್ರಯೋಗಿಸಿದರು. ಕೊರತೆ ಇಲ್ಲದವರಿಗೆ ಹೆಚ್ಚುವರಿಯಾಗಿ ಕೊಟ್ಟರೆ ಆ ಲಾಭ ಸಿಗಲಿಲ್ಲ. ಒಂದು ವಿಟಮಿನ್ ಒಂದು ರೋಗವನ್ನು ಗುಣಪಡಿಸಿದ ಕೂಡಲೇ ಅದು ಹತ್ತು ರೋಗಕ್ಕೂ ಮದ್ದು ಎನಿಸುವುದು ಹಳೆಯ ಚಟ. ವಿಟಮಿನ್ ಡಿ ವಿಷಯದಲ್ಲಿಯೂ ಇದೇ ನಡೆಯಿತು. ಅಮೆರಿಕದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ವರ್ಷಗಟ್ಟಲೆ ದಿನಕ್ಕೆ 2000 ಐಯು ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ ವೈಟಲ್ ಎಂಬ ಅಧ್ಯಯನದಲ್ಲಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ.

1933ರಿಂದ 1949ರವರೆಗೆ ಮೆಲನ್‌ಬಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾಗಿದ್ದರು. ದೇಶದ ಸಂಶೋಧನೆಯ ಚುಕ್ಕಾಣಿ ಹಿಡಿದಿದ್ದಾಗಲೂ ಪ್ರಯೋಗಾಲಯ ಬಿಡಲಿಲ್ಲ. ಹಿಟ್ಟು ಬಿಳಿ ಮಾಡಲು ಬಳಸುತ್ತಿದ್ದ ಅಜೀನ್ ಎಂಬ ರಾಸಾಯನಿಕ ನಾಯಿಗಳಿಗೆ ಫಿಟ್ಸ್ ತರುತ್ತದೆ ಎಂದು 1946ರಲ್ಲಿ ತೋರಿಸಿದವರೂ ಅವರೇ, ಮುಂದೆ ಆ ಬಳಕೆ ನಿಂತಿತು. ನಿವೃತ್ತರಾದ ಮೇಲೆ ಭಾರತಕ್ಕೆ ಬಂದರು. ಲಖನೌದಲ್ಲಿ ಅವಧದ ನವಾಬರ ಛತ್ತರ್ ಮಂಜಿಲ್ ಅರಮನೆಯಲ್ಲಿ 1951ರ ಫೆಬ್ರವರಿಯಲ್ಲಿ ನೆಹರೂ ಉದ್ಘಾಟಿಸಿದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರು ಈ ಮೆಲನ್‌ಬಿ. ಹೆಚ್ಚು ಕಾಲ ಇರಲಿಲ್ಲ, ಸಂಸ್ಥೆಯನ್ನು ನಿಲ್ಲಿಸಿ ಹಿಂತಿರುಗಿದರು.

ಅವರು ತೀರಿಕೊಂಡದ್ದು 1955ರ ಜನವರಿ 30ರಂದು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ರಿಕೆಟ್ಸ್ ಅಪರೂಪವಾಗಿತ್ತು, ಅದರ ಜಾಗದಲ್ಲಿ ಒಂದು ಹೊಸ ಕಾಯಿಲೆ ಬಂದಿತ್ತು. ಯುದ್ಧಕಾಲದಿಂದ ಸರಕಾರವೇ ಮಕ್ಕಳಿಗೆ ಮೀನೆಣ್ಣೆ ಹಂಚುತ್ತಿತ್ತು. ಅದರ ಜೊತೆಗೆ ಹಾಲಿನ ಪುಡಿಗೂ ವಿಟಮಿನ್ ಡಿ ಬೆರೆಸಿದರು, ಮಕ್ಕಳ ಸಿರಿಯಲ್‌ಗೂ ಬೆರೆಸಿದರು. ಮೂರೂ ಕೂಡಿದಾಗ ಕೆಲವು ಕೂಸುಗಳ ಹೊಟ್ಟೆಗೆ ದಿನಕ್ಕೆ ಸಾವಿರಗಟ್ಟಲೆ ಐಯು ಹೋಗುತ್ತಿತ್ತು. ಹಾಲು ಕುಡಿಯಲೊಲ್ಲದ, ವಾಂತಿ ಮಾಡುವ, ಮಲಬದ್ಧತೆಯಿಂದ ಸೊರಗುವ ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿರುವುದು ಪತ್ತೆಯಾಯಿತು. ಕೆಲವು ಸತ್ತವು. 1957ರಲ್ಲಿ ಸರಕಾರ ಬೆರಕೆಯ ಪ್ರಮಾಣ ಇಳಿಸಿತು. ಎಲ್ಲ ಕೂಸುಗಳಿಗೂ ಯಾಕೆ ಹೀಗಾಗಲಿಲ್ಲ ಎಂಬುದಕ್ಕೆ ಅರ್ಧ ಶತಮಾನದ ಮೇಲೆ ಒಂದು ಉತ್ತರ ಸಿಕ್ಕಿತು: ಕೆಲವರಲ್ಲಿ ವಿಟಮಿನ್ ಡಿ ಕರಗಿಸುವ ಕಿಣ್ವ ಹುಟ್ಟಿನಿಂದಲೇ ಸರಿ ಇರುವುದಿಲ್ಲ.

ಈಗ ನಿಮ್ಮ 17ಕ್ಕೆ ಬರೋಣ.

ಮೊದಲು ಪರೀಕ್ಷೆಯ ಹೆಸರು ನೋಡಿ. ದಾಸ್ತಾನನ್ನು ತೋರಿಸುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. 1,25-ಡೈಹೈಡ್ರಾಕ್ಸಿ ಎಂದಿದ್ದರೆ ಅದು ಬೇರೆ ಪರೀಕ್ಷೆ. ಕೊರತೆ ಇದ್ದಾಗಲೂ ಅದು ಸರಿಯಾಗಿ, ಕೆಲವೊಮ್ಮೆ ಹೆಚ್ಚಾಗಿಯೂ ಕಾಣಬಹುದು. ಆಮೇಲೆ ಅಳತೆ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ ನ್ಯಾನೋಗ್ರಾಂ. ಲಂಡನ್ನಿನಲ್ಲಿರುವ ಮಗಳು ತನ್ನದು 50 ಎಂದರೆ ಅದು ಲೀಟರಿಗೆ ನ್ಯಾನೋಮೋಲ್ ಇರಬಹುದು. ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಲೆಕ್ಕದ 20.

ಕೊರತೆ ಎಂಬ ಗುರುತು ಹಾಕುವ ಗೆರೆ ಎಲ್ಲರದೂ ಒಂದೇ ಅಲ್ಲ. ಅಮೆರಿಕದ ವೈದ್ಯಕೀಯ ಅಕಾಡೆಮಿ 2011ರಲ್ಲಿ ಹೇಳಿದ್ದು: 20 ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು, 12ಕ್ಕಿಂತ ಕೆಳಗಿದ್ದರೆ ಅಪಾಯ, ನಡುವೆ ಇರುವವರಲ್ಲಿ ಕೆಲವರಿಗೆ ಸಾಲದು, ಹಲವರಿಗೆ ಸಾಕು. ಅದೇ ವರ್ಷ ಅಲ್ಲಿನ ಎಂಡೋಕ್ರೈನ್ ಸೊಸೈಟಿ 30 ಬೇಕು ಎಂದಿತು. ನಮ್ಮ ಎಷ್ಟೋ ಲ್ಯಾಬುಗಳು ಅದನ್ನೇ ಅಚ್ಚು ಹಾಕಿಕೊಂಡವು. ಆ ಸೊಸೈಟಿಯೇ 2024ರಲ್ಲಿ ಆ ಗೆರೆಗಳನ್ನು ಕೈಬಿಟ್ಟಿತು, ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ಮನೆ ಈ ಪರೀಕ್ಷೆ ಮಾಡಿಸಬೇಡಿ ಎಂದಿತು. ವರದಿಯ ಕಾಗದ ಮಾತ್ರ ಎಷ್ಟೋ ಕಡೆ ಹಳೆಯದೇ ಇದೆ. 24 ಇದ್ದವರನ್ನೂ ಅದು ರೋಗಿ ಮಾಡುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಒಂದೇ ರಕ್ತವನ್ನು ಎರಡು ಲ್ಯಾಬಿಗೆ ಕೊಟ್ಟರೆ ವಿಧಾನ ಬೇರೆಯಾದ್ದರಿಂದ 18 ಮತ್ತು 22 ಬರಬಹುದು ಎಂಬುದೂ ನೆನಪಿರಲಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲೇ ತಿಳಿಸಿ, ಕೆಲವು ವಿಧಾನಗಳಲ್ಲಿ ಅದು ಸಂಖ್ಯೆಯನ್ನು ಕೆಡಿಸುತ್ತದೆ.

ಹಾಗಾಗಿ 17 ಎಂದರೆ ತಾನಾಗಿಯೇ ಮದ್ದು ಎಂದಲ್ಲ. ಸೊಂಟ, ತೊಡೆ, ಪಕ್ಕೆಲುಬು ಒತ್ತಿದರೆ ನೋಯುತ್ತದೆಯೇ? ನೆಲದಿಂದ ಏಳಲು, ಮೆಟ್ಟಿಲು ಹತ್ತಲು ಕಾಲಿನಲ್ಲಿ ಬಲ ಸಾಲದೇ? ಸಣ್ಣ ಪೆಟ್ಟಿಗೆ ಮೂಳೆ ಮುರಿದಿದೆಯೇ? ರಕ್ತದ ಕ್ಯಾಲ್ಸಿಯಂ ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಹೆಚ್ಚು ಎಂದಿದೆಯೇ? ಫಿಟ್ಸ್ ಮಾತ್ರೆ, ಸ್ಟೆರಾಯ್ಡ್, ಕಿಡ್ನಿ ಅಥವಾ ಲಿವರ್ ತೊಂದರೆ, ಜೀರ್ಣದ ದೀರ್ಘ ಕಾಯಿಲೆ ಇದೆಯೇ? ಇದ್ದರೆ ಅದೇ 17 ಗಂಭೀರ. ಯಾವುದೂ ಇಲ್ಲದ ಮೂವತ್ತು ವರ್ಷದವರಿಗೆ ಮಧ್ಯಾಹ್ನದ ಸ್ವಲ್ಪ ಬಿಸಿಲು, ಹಾಲು ಮೊಸರು, ಬೇಕಾದರೆ ದಿನಕ್ಕೆ 600ರಿಂದ 1000 ಐಯು ಸಾಕಾಗುವುದೇ ಹೆಚ್ಚು. ಒರಟಾದ ಒಂದು ಲೆಕ್ಕವಿದೆ: ದಿನಕ್ಕೆ 100 ಐಯು ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ಸಂಖ್ಯೆ ಒಂದರಷ್ಟು ಅಥವಾ ಸ್ವಲ್ಪ ಕಡಿಮೆ ಏರುತ್ತದೆ. ದಪ್ಪ ಮೈಯವರಲ್ಲಿ ಇನ್ನೂ ಕಡಿಮೆ.

ಪೊಟ್ಟಣದ ಮೇಲೆ ಬರೆದಿರುವ 60,000 ಐಯು ವಾರಕ್ಕೊಂದು ಬಾರಿಯ ಲೆಕ್ಕ. ನಿಜವಾದ ಕೊರತೆಗೆ ವೈದ್ಯರು ಸಾಮಾನ್ಯವಾಗಿ ಎಂಟು ವಾರ ಕೊಟ್ಟು ನಿಲ್ಲಿಸುತ್ತಾರೆ, ಆಮೇಲೆ ದಿನದ ಸಣ್ಣ ಪ್ರಮಾಣಕ್ಕೆ ಅಥವಾ ತಿಂಗಳಿಗೊಂದಕ್ಕೆ ಇಳಿಸುತ್ತಾರೆ. ತಿಂಗಳಿಗೊಂದು ಎಂದರೂ ದಿನಕ್ಕೆ 2000 ಆಯಿತು. ವಾರದ ಪೊಟ್ಟಣವನ್ನು ದಿನಾ ತೆಗೆದುಕೊಳ್ಳುವುದು, ಎಂಟು ಮುಗಿದ ಮೇಲೆ ಕೇಳುವವರಿಲ್ಲದೆ ವರ್ಷಗಟ್ಟಲೆ ಮುಂದುವರಿಸುವುದು, ಅದರ ಮೇಲೆ ಆರು ಲಕ್ಷದ ಇಂಜೆಕ್ಷನ್ ಹಾಕಿಸಿಕೊಳ್ಳುವುದು: ಹೆಚ್ಚಿನ ವಿಷಬಾಧೆ ಬರುವುದು ಈ ಮೂರು ದಾರಿಯಿಂದ. ವೈದ್ಯರ ನಿಗಾ ಇಲ್ಲದೆ ವಯಸ್ಕರು ದೀರ್ಘಕಾಲ ದಿನಕ್ಕೆ 4000 ಐಯು ಮೀರಬಾರದು. ಕ್ಯಾಲ್ಸಿಯಂ ಮಾತ್ರೆಯಲ್ಲೂ ಮಲ್ಟಿವಿಟಮಿನ್ನಿನಲ್ಲೂ ವಿಟಮಿನ್ ಡಿ ಇರುತ್ತದೆ. ಹಾಲಿನ ಪುಡಿ, ಸಿರಿಯಲ್, ಮೀನೆಣ್ಣೆ ಕೂಡಿದ ಹಾಗೆ ಎಲ್ಲವನ್ನೂ ಕೂಡಿಸಿ ನೋಡಿ. ಮನೆಯ ಹಿರಿಯರಿಗೆ ವರ್ಷಕ್ಕೊಮ್ಮೆ ದೊಡ್ಡ ಡೋಸ್ ಕೊಟ್ಟರೆ ಸುಲಭ ಎನಿಸಬಹುದು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಹೀಗೆ ಐದು ಲಕ್ಷ ಐಯು ಪ್ರಯೋಗಿಸಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. 2010ರಲ್ಲಿ ಅದು ಪ್ರಕಟವಾಗಿದೆ.

ಔಷಧಿ ಶುರು ಮಾಡಿ ಮೂರು ತಿಂಗಳಾಗುವ ಮೊದಲು ಮತ್ತೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ, ಸಂಖ್ಯೆ ಆಗಿನ್ನೂ ನೆಲೆಗೆ ಬಂದಿರುವುದಿಲ್ಲ. ಮರುವರದಿ 35 ಎಂದಿದ್ದರೆ ವಾರದ ಪೊಟ್ಟಣ ನಿಲ್ಲಿಸುವ ಮಾತನ್ನು ವೈದ್ಯರ ಮುಂದೆ ನೀವೇ ಎತ್ತಿ. ಎಂಟು ವಾರ ಸರಿಯಾಗಿ ತೆಗೆದುಕೊಂಡರೂ 14 ಎಂದಿದ್ದರೆ ಡೋಸ್ ಏರಿಸುವ ಮೊದಲು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡಿರಾ, ಜೀರ್ಣದ ತೊಂದರೆ ಇದೆಯೇ ಎಂದು ನೋಡಬೇಕು. ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್, ಊಟದ ಜೊತೆಗೇ ತೆಗೆದುಕೊಳ್ಳಬೇಕು. ವರದಿ 100 ದಾಟಿದ್ದರೆ ಎಲ್ಲ ಮಾತ್ರೆ ನಿಲ್ಲಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆಗೆ ವೈದ್ಯರ ಬಳಿ ಹೋಗಿ. ವಿಷಬಾಧೆ ಸಾಮಾನ್ಯವಾಗಿ 150ರ ಮೇಲೆ ಕಾಣುತ್ತದೆ. ಹಸಿವಿಲ್ಲದಿರುವುದು, ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಇದ್ದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕಿಡ್ನಿಗೆ ಪೆಟ್ಟು ಬೀಳುವುದು ಆಗಲೇ. ಮಾತ್ರೆ ನಿಲ್ಲಿಸಿದರೂ ಕೊಬ್ಬಿನಲ್ಲಿ ಸೇರಿದ್ದು ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಕಿಡ್ನಿ ಕಲ್ಲು ಆಗಿದ್ದವರು, ಕ್ಷಯ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಮೊದಲೇ ವೈದ್ಯರಿಗೆ ಹೇಳಬೇಕು. ಕ್ಷಯದಂಥ ಕಾಯಿಲೆಯಲ್ಲಿ ಸಾಧಾರಣ ಡೋಸಿಗೇ ಕ್ಯಾಲ್ಸಿಯಂ ಏರಬಹುದು.

ಮಕ್ಕಳಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಮೊದಲ ವರ್ಷದ ಕೂಸಿಗೆ ದಿನಕ್ಕೆ 400 ಐಯು ಹನಿ ಮದ್ದು ಸಾಮಾನ್ಯ ಸಲಹೆ. ಬಾಟಲಿಯಿಂದ ಬಾಟಲಿಗೆ ಗಾಢತೆ ಬದಲಾಗುತ್ತದೆ, ಒಂದು ಮಿಲಿಲೀಟರಿನಲ್ಲಿ 400 ಇರುವುದೂ ಇದೆ, 800 ಇರುವುದೂ ಇದೆ. ಬ್ರ್ಯಾಂಡ್ ಬದಲಾದಾಗಲೆಲ್ಲ ಲೇಬಲ್ ಓದಿ, ಎಷ್ಟು ಹನಿ ಎಂದು ಮಕ್ಕಳ ಡಾಕ್ಟರನ್ನು ಮತ್ತೆ ಕೇಳಿ.